ಹಳೆಯ ಕ್ಯಾಮೆರಾ ಬೀರುವಿನಲ್ಲಿಯೇ ಇರಬೇಕೆ?

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕದ ರೂಢಿ. ಎತ್ತಿನ ಗಾಡಿಯ ಸ್ಥಳಕ್ಕೆ ಮೋಟಾರು ಬಂದಿತು. ಸೀಮೆಎಣ್ಣೆಯ ಬುಡ್ಡಿಯ ಸ್ಥಳಕ್ಕೆ ವಿದ್ಯುದ್ದೀಪ ಬಂದಿತು. ಇವುಗಳಿಗಾಗಿ ಕಣ್ಣೀರು ಸುರಿಸುವುದು ಜಾಣತನವಲ್ಲ. ಫಿಲ್ಮ್ ಹಾಕಿ ಚಿತ್ರ ತೆಗೆಯುವ ಕ್ಯಾಮೆರಾದ ಕಾಲವೂ ಹಾಗೆಯೇ ಮುಗಿಯಿತು, ಅದನ್ನು ಬೀರುವಿನಲ್ಲಿಟ್ಟು ಆಗಾಗ ಧೂಳು ಒರೆಸಿದರೆ ಸಾಕು ಎಂಬುದು ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ಸಹಪಾಠಿಗಳ ಮತ್ತು ಅಧ್ಯಾಪಕವರ್ಗದವರ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಛಾಯಾಗ್ರಹಣದ ಚರಿತ್ರೆ ಬಹು ದೀರ್ಘವಾದುದೇನಲ್ಲ. 1839ರಲ್ಲಿ ಫ್ರಾನ್ಸಿನ ಡಾಗೇರ್ ಎಂಬಾತನ ವಿಧಾನವು ಲೋಕಕ್ಕೆ ಪ್ರಕಟವಾಯಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳಿಗೆ ಸಾಕಾಗುವ ಸುರುಳಿಯನ್ನು ತುಂಬಿದ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದನು. ಅಂದಿನಿಂದ ಸಾಮಾನ್ಯ ಜನರೂ ಚಿತ್ರ ತೆಗೆಯುವಂತಾಯಿತು. ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು 1967ರಲ್ಲಿ ಉತ್ಪಾದನೆಯನ್ನು ಆರಂಭಿಸಿ, 'ಇಂದು' ಎಂಬ ಹೆಸರಿನ ಫಿಲ್ಮನ್ನು ಊರೂರಿಗೆ ಒದಗಿಸಿತು. ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಎಷ್ಟೋ ಮಧ್ಯಮ ವರ್ಗದ ಮನೆಗಳ ಮೊದಲ ಕ್ಯಾಮೆರಾ. ಇಂದು ಉದಕಮಂಡಲದ ಕಾರ್ಖಾನೆ ಮುಚ್ಚಿದೆ. ಕ್ಲಿಕ್ ಥ್ರೀ ಮಾತ್ರ ಅಟ್ಟದ ಮೇಲೆ, ಟ್ರಂಕಿನೊಳಗೆ ಇನ್ನೂ ಉಳಿದಿದೆ.

ಪ್ರತಿಪಕ್ಷದವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕಿಸೆಯಲ್ಲಿರುವ ಫೋನು ಕತ್ತಲೆಯಲ್ಲಿಯೂ ಚಿತ್ರ ತೆಗೆಯುತ್ತದೆ, ಕ್ಷಣಮಾತ್ರದಲ್ಲಿ ಸಾವಿರ ಮೈಲಿ ದೂರದವರಿಗೆ ತಲಪಿಸುತ್ತದೆ, ಖರ್ಚೂ ಇಲ್ಲ. ಸ್ಪಷ್ಟತೆಯಲ್ಲಿ ಹಳೆಯ ಪೆಟ್ಟಿಗೆ ಕ್ಯಾಮೆರಾ ಅದಕ್ಕೆ ಸಾಟಿಯಲ್ಲ. 'ಫಿಲ್ಮಿನ ಸೊಬಗೇ ಬೇರೆ' ಎಂದು ಕಣ್ಣು ಮುಚ್ಚಿ ತಲೆದೂಗುವವರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ವಾದ ಸೊಬಗನ್ನು ಕುರಿತದ್ದಲ್ಲ, ಅಭ್ಯಾಸವನ್ನು ಕುರಿತದ್ದು.

ಕ್ಲಿಕ್ ಥ್ರೀ ಕ್ಯಾಮೆರಾಕ್ಕೆ ಹಾಕುವ 120ರ ಸುರುಳಿಯಲ್ಲಿ ದೊರೆಯುವುದು ಹನ್ನೆರಡೇ ಚಿತ್ರಗಳು. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ನೋಡಿಕೊಂಡು ಗುಬುಟನ್ನು ತಿರುಗಿಸಬೇಕು. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಎದುರಿಗಿರುವವರು ಎಷ್ಟು ಹೆಜ್ಜೆ ದೂರದಲ್ಲಿದ್ದಾರೆ, ಈ ಚಿತ್ರ ನಿಜಕ್ಕೂ ಬೇಕೆ ಎಂದು ಮೂರು ಸಲ ಯೋಚಿಸಿದ ಮೇಲೆಯೇ ಬೆರಳು ಕೆಳಕ್ಕೆ ಹೋಗುತ್ತದೆ. ಮಿತವಾಗಿ ಇರುವುದನ್ನು ಮನುಷ್ಯ ಹಿತವಾಗಿ ಬಳಸುತ್ತಾನೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳಿಗಾಗಿ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳರು ಕಾಡುಪ್ರಾಣಿಗಳಿಗಾಗಿ ಕಾದದ್ದನ್ನು ನಾವು ಬಲ್ಲೆವು. ಹಾಗೆ ಕಾಯುವುದೂ ಒಂದು ವಿದ್ಯೆಯೇ. ಕಾವ್ಯವನ್ನೂ ಚರಿತ್ರೆಯನ್ನೂ ಓದುವ ನಮ್ಮಂಥವರಿಗೆ ನಿಂತು ನೋಡುವ ಈ ವಿದ್ಯೆ ಬೇಡವೆ?

ಎರಡನೆಯದು, ಚಿತ್ರ ಉಳಿಯುವ ವಿಚಾರ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ತೆಗೆದನು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಚರಿತ್ರೆಯೇ ಮಾತನಾಡುತ್ತದೆ. ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಗ್ರೀನ್‌ಲಾನ ಕಾಲದಲ್ಲಿ ಇಟ್ಟಿಗೆಯ ಗೋಪುರವಿತ್ತು. ಈಗಿನ 50 ರೂಪಾಯಿಯ ನೋಟಿನ ಮೇಲೆ ನಾವು ನೋಡುವ ರಥಕ್ಕೆ ಅದಿಲ್ಲ. ಒಂದು ಹಾಳೆ ಕಾಗದ ಉಳಿದದ್ದರಿಂದ ಇಲ್ಲವಾದ ಗೋಪುರವೊಂದು ನಮಗೆ ಕಾಣಸಿಕ್ಕಿತು. ಫಿಲ್ಮೂ ಅಮರವಲ್ಲ, ನಿಜ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಶಾಖಕ್ಕೆ ಕೆಡುತ್ತದೆ. ಆದರೆ ಅದನ್ನು ಕಾಪಾಡಲು ಒಣಗಿದ ತಂಪು ಸ್ಥಳವೂ ಸ್ವಲ್ಪ ಎಚ್ಚರವೂ ಸಾಕು. ಅದನ್ನು ನೋಡಲು ಕಿಟಕಿಯ ಬೆಳಕೇ ಸಾಕು. ಫೋನು ಕೆಟ್ಟುದರಿಂದ ಮೂರು ವರ್ಷಗಳ ಚಿತ್ರಗಳನ್ನು ಒಮ್ಮೆಗೇ ಕಳೆದುಕೊಂಡವರು ನಮ್ಮ ತರಗತಿಯಲ್ಲಿಯೇ ಎಷ್ಟು ಮಂದಿಯಿಲ್ಲ!

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯವಾದುದು. ಚಿತ್ರ ಹಂಚಿಕೊಳ್ಳುವುದು ಎಂದರೇನು? ಕಾಲೇಜಿನ ವಾರ್ಷಿಕೋತ್ಸವದಂದು ನಮ್ಮ ಕ್ಯಾಂಟೀನಿನಲ್ಲಿ ಚಹಾ ಕೊಡುವ ಹಿರಿಯರನ್ನು ನಡುವೆ ನಿಲ್ಲಿಸಿಕೊಂಡು ಹತ್ತಾರು ಮಂದಿ ಫೋನಿನಲ್ಲಿ ಚಿತ್ರ ತೆಗೆದರು. ಅವನ್ನು ಊರೆಲ್ಲ ನೋಡಿತು. ಅವರ ಕೈಗೆ ಒಂದೂ ಬರಲಿಲ್ಲ. ನಮ್ಮ ಮಾವನವರ ಕ್ಲಿಕ್ ಥ್ರೀಯಲ್ಲಿ ನಾನು ತೆಗೆದ ಅವರ ಚಿತ್ರವನ್ನು ಅಚ್ಚು ಹಾಕಿಸಿ ಕೊಟ್ಟಾಗ ಅವರು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. "ಇದಕ್ಕೆ ನಾನೆಷ್ಟು ಕೊಡಬೇಕು ಸ್ವಾಮಿ?" ಎಂದು ಕೇಳಿದರು. ಫೋನು ಹಿಡಿದ ಯಾರನ್ನೂ ಅವರು ಹಾಗೆ ಕೇಳಿರಲಿಲ್ಲ. ಕೊಟ್ಟದ್ದು ಕೈಯಲ್ಲಿ ಇದ್ದರೆ ತಾನೆ ಬೆಲೆ ಕೇಳುವುದು? ಯಾರ ಮುಖವನ್ನು ನಾವು ತೆಗೆದುಕೊಂಡೆವೋ ಅವರಿಗೆ ಒಂದು ಪ್ರತಿಯನ್ನು ಹಿಂದಿರುಗಿಸುವುದು ಉಪಕಾರವಲ್ಲ, ಋಣ ತೀರಿಸುವುದು. ಫೋನಿನ ಚಿತ್ರವನ್ನೂ ಅಚ್ಚು ಹಾಕಿಸಬಹುದಲ್ಲ ಎಂದರೆ, ಧಾರಾಳವಾಗಿ ಹಾಕಿಸಬಹುದು; ಆದರೆ ಹಾಕಿಸುವವರು ಯಾರು? ಫಿಲ್ಮಿನಲ್ಲಿ ಅಚ್ಚು ಹಾಕದ ಹೊರತು ಕೆಲಸ ಮುಗಿಯುವುದೇ ಇಲ್ಲ.

'ಇದೆಲ್ಲ ಉಳ್ಳವರ ಹವ್ಯಾಸ, ಸರ್ಕಾರಿ ಕಾಲೇಜಿನ ಮಕ್ಕಳಿಗೇಕೆ?' ಎಂಬ ಪ್ರಶ್ನೆ ಸಹಜವಾದುದು. ಒಂದು ಸುರುಳಿಗೆ ಇಂದು ನೂರಾರು ರೂಪಾಯಿ. ಬಸ್ ಪಾಸಿಗೇ ಲೆಕ್ಕ ಹಾಕುವ ನಮಗೆ ಅದು ಹಗುರವಲ್ಲ. ಇದಕ್ಕೆ ನನ್ನ ಉತ್ತರ ಸರಳ: ಹನ್ನೆರಡು ಮಂದಿ ಸೇರಿ ಒಂದು ಸುರುಳಿ ಕೊಳ್ಳೋಣ. ಒಬ್ಬೊಬ್ಬರಿಗೆ ಒಂದೊಂದೇ ಚಿತ್ರ. ಕ್ಯಾಮೆರಾ ಒಬ್ಬರಿಂದೊಬ್ಬರಿಗೆ ಹೋಗಲಿ. ಉಪಯೋಗವಿಲ್ಲದ ಒಂದು ಸಣ್ಣ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರೆ ಅದೇ ಕತ್ತಲೆ ಕೋಣೆ. ಫಿಲ್ಮನ್ನು ಪೂರ್ಣ ಕತ್ತಲೆಯಲ್ಲಿ ಮುಚ್ಚಳದ ಡಬ್ಬಿಗೆ ಸುತ್ತಿ, ಡೆವಲಪರ್ ಹಾಕಿ, ಹೈಪೋ ಹಾಕಿ, ನೀರಿನಲ್ಲಿ ತೊಳೆದು ಒಣಗಿಸುವುದನ್ನು ಒಂದು ವಾರದಲ್ಲಿ ಕಲಿಯಬಹುದು. 120ರ ನೆಗೆಟಿವ್ ದೊಡ್ಡದಾದುದರಿಂದ ಅದನ್ನು ನೇರವಾಗಿ ಕಾಗದದ ಮೇಲಿಟ್ಟು, ಗಾಜು ಒತ್ತಿ, ಬೆಳಕು ತೋರಿಸಿದರೂ ಅಂಗೈಯಲ್ಲಿ ಹಿಡಿಯುವ ಚಿತ್ರ ದೊರೆಯುತ್ತದೆ. ದೊಡ್ಡದು ಮಾಡುವ ಯಂತ್ರವೇ ಬೇಕಿಲ್ಲ. ಬಳಸಿದ ಹೈಪೋದಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಕೂಡಿಡಬೇಕು ಎಂಬ ಎಚ್ಚರಿಕೆ ಅಗತ್ಯ.

ಪ್ರತಿಯೊಂದು ಚಿತ್ರಕ್ಕೂ ಎರಡು ಪ್ರತಿಗಳಿರಲಿ. ಒಂದು ಚಿತ್ರದಲ್ಲಿರುವವರಿಗೆ. ಇನ್ನೊಂದು, ಅವರು ಒಪ್ಪಿದರೆ, ಹಿಂಬದಿಯಲ್ಲಿ ಹೆಸರು, ಸ್ಥಳ, ದಿನಾಂಕ ಬರೆದು ನಮ್ಮ ಗ್ರಂಥಾಲಯದ ಆಲ್ಬಮ್ಮಿಗೆ. ವರ್ಷಕ್ಕೆ ಎರಡೇ ಸುರುಳಿಯಾದರೂ ಹತ್ತು ವರ್ಷಗಳಲ್ಲಿ 240 ಚಿತ್ರಗಳಾದುವು. ಈ ಊರಿನ ಸಂತೆ, ಕೆರೆ, ಕಸುಬುಗಳನ್ನು ಮುಂದೆ ಅಭ್ಯಸಿಸುವವರಿಗೆ ಅದಕ್ಕಿಂತ ಒಳ್ಳೆಯ ಆಧಾರ ಬೇರೆಲ್ಲಿ ಸಿಕ್ಕೀತು?

ಕೊಡಾಕ್ ಕಂಪನಿಯು 2012ರಲ್ಲಿ ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಸತ್ತಿತೆಂದು ಬರೆದಿಟ್ಟದ್ದು ಬಳಸುವವರಿದ್ದರೆ ಬದುಕುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಕ್ಯಾಮೆರಾಗಳು ಮನೆಗಳಲ್ಲಿವೆ, ಕೋಣೆ ಕಾಲೇಜಿನಲ್ಲಿದೆ. ಗುರುಗಳ ಅನುಮತಿಯೂ ಹನ್ನೆರಡು ಮಂದಿಯ ಉತ್ಸಾಹವೂ ಕೂಡಿಬಂದರೆ ಬರುವ ವರ್ಷದ ಸಂಚಿಕೆಯಲ್ಲಿ ಈ ವಿಷಯವನ್ನು ಕುರಿತು ಲೇಖನ ಬೇಕಾಗುವುದಿಲ್ಲ. ಚಿತ್ರಗಳನ್ನೇ ಅಚ್ಚು ಮಾಡಬಹುದು.