ಹೊಳಪು ಎಲ್ಲಿ, ತರಿ ಎಲ್ಲಿ?



ನಮ್ಮ ಅವಲಪಲ್ಲಿ ಕಡೆ ಮನೆ ಕಟ್ಟುವವರಿಗೆ ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಹತ್ತಿರದಲ್ಲೇ ಸಿಗುತ್ತದೆ. ಎಲ್ಲರೂ ಕೇಳುವುದು ಕನ್ನಡಿಯಂತೆ ಹೊಳೆಯುವ ಕಲ್ಲನ್ನೇ. ಕಲ್ಲನ್ನು ಆರಿಸುವುದು ಕಣ್ಣು, ಅದರ ಮೇಲೆ ನಡೆಯಬೇಕಾದದ್ದು ಕಾಲು. ನೀರು ಬಿದ್ದರೆ ಹೊಳಪುಗಲ್ಲು ಜಾರುತ್ತದೆ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದರೆ ಮನೆಮಂದಿಯ ನೆಮ್ಮದಿಯೇ ಹೋಗುತ್ತದೆ.

ಆದ್ದರಿಂದ ಬಚ್ಚಲು, ಹೊರಮೆಟ್ಟಿಲು, ಅಂಗಳಕ್ಕೆ ‘ಫ್ಲೇಮ್ಡ್’ ಕಲ್ಲು ಹಾಕಿಸಿರಿ. ಉರಿ ಹಿಡಿದಾಗ ಕಲ್ಲಿನ ಮೇಲಿನ ಹರಳುಗಳು ಸಿಡಿದು ಮೈ ತರಿತರಿಯಾಗುತ್ತದೆ. ಒದ್ದೆಯಲ್ಲೂ ಕಾಲಿಗೆ ಹಿಡಿತ ಸಿಗುತ್ತದೆ. ಅಡುಗೆಕಟ್ಟೆಗೆ ಮಾತ್ರ ನುಣುಪೇ ಸರಿ. ಒರೆಸಿದರೆ ಜಿಡ್ಡು ಉಳಿಯದು, ಇರುವೆ ಮುತ್ತದು, ಜೀವಹಾನಿಯೂ ತಪ್ಪುತ್ತದೆ.

ಹಣ ಕೊಡುವ ಮೊದಲು ಮಾದರಿ ಕಲ್ಲಿನ ಮೇಲೆ ನೀರು ಚೆಲ್ಲಿ, ಅಂಗೈ ಒತ್ತಿ ಎಳೆದು ನೋಡಿರಿ. ಕೈ ಜಾರಿದ ಕಲ್ಲಿನಲ್ಲಿ ಕಾಲೂ ಜಾರುತ್ತದೆ.