ಕೆಂಪು ದೀಪ ಇರುವುದು ಪೊಲೀಸರಿಗಾಗಿ ಅಲ್ಲ!



ಕೆಂಪು ಅಂದರೆ ನಿಲ್ಲು, ಹಸಿರು ಅಂದರೆ ಹೋಗು ಎಂದು ನಾವು ಒಂದನೆಯ ಇಯತ್ತೆಯಿಂದಲೇ ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಕ್ಕಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಸೊಲ್ಲಾಪುರದ ಚೌಕಗಳಲ್ಲಿ ಕೆಂಪು ದೀಪ ದಾಟುವವರು ಯಾರು? ಕೇಳಿದರೆ ಉತ್ತರ ಸಿದ್ಧ: "ಪೊಲೀಸ ಇರಲಿಲ್ಲರಿ, ಸಾಲಿಗೆ ತಡ ಆಗಿತ್ತು..."

ಕೆಂಪು ದೀಪ ಪೊಲೀಸರ ಸಲುವಾಗಿ ಹಾಕಿದ್ದಲ್ಲ. ಅಡ್ಡರಸ್ತೆಯಿಂದ ಸೈಕಲ್ ತುಳಿಯುತ್ತ ಬರುವ ಹುಡುಗಿಗೆ, ಸುತ್ತಿದ ಬೀಡಿ ಒಪ್ಪಿಸಲು ನಡೆದು ಹೊರಟ ತಾಯಿಗೆ ಸಲ್ಲಬೇಕಾದ ಕೆಲವೇ ಸೆಕೆಂಡುಗಳು ಅವು. ಅವನ್ನು ಕದಿಯುವುದು ಜಾಣತನವೇ? ಗಂಟೆಗೆ 40 ಕಿ.ಮೀ. ವೇಗದ ಗಾಡಿ ಒಂದೇ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಹಸಿರು ದೀಪ ನಂಬಿ ಆಗತಾನೇ ಪೆಡಲ್ ತುಳಿದವಳು ಎಲ್ಲಿಗೆ ತಪ್ಪಿಸಿಕೊಳ್ಳಬೇಕು? ಕಾರಿನವನ ಸುತ್ತ ತಗಡಾದರೂ ಇದೆ, ಅವಳ ಮೈಮೇಲೆ ಸಮವಸ್ತ್ರ ಮಾತ್ರ!

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಪಾದಚಾರಿಗಳೇ 32 ಸಾವಿರಕ್ಕೂ ಹೆಚ್ಚು. ಎಲ್ಲರೂ ಸಿಗ್ನಲ್‌ನಲ್ಲೇ ಸತ್ತರೆಂದಲ್ಲ. ಆದರೆ ನಡೆಯುವವರ ಜೀವಕ್ಕೆ ನಾವು ಕೊಡುವ ಬೆಲೆ ಇದರಲ್ಲಿ ಕಾಣುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆಯಲ್ಲೇ ಸೇರಿಸಿದೆ. ಜೈಲು ಶಿಕ್ಷೆಯೂ ಉಂಟು.

ಅಕ್ಕಲಕೋಟೆ ಕಡೆಯಿಂದ ಬರುವವರಿಗೂ ಒಂದು ಮಾತು: ಹೆದ್ದಾರಿಯ ವೇಗವನ್ನು ಊರೊಳಗಿನ ಚೌಕಕ್ಕೆ ತರಬೇಡಿರಿ.

ಗಡಿಯಾಚೆಯ ಕನ್ನಡ ಶಾಲೆ ಉಳಿಯಲಿ ಎಂದು ನಾವೆಲ್ಲ ಹೋರಾಡುತ್ತೇವೆ. ಆ ಶಾಲೆಗೆ ಬರುವ ಮಗು ಮೊದಲು ಉಳಿಯಬೇಕಲ್ಲವೇ? ಒಂದು ನಿಮಿಷ ನಿಲ್ಲಿರಿ!