ಓಟದ ಒಡನಾಡಿ

ಓಟವು ಒಬ್ಬಂಟಿಗನ ಕ್ರೀಡೆಯೆಂದು ಹೇಳುವುದುಂಟು. ಕಬಡ್ಡಿಯಲ್ಲಿ ಏಳು ಮಂದಿ ಒಂದು ಪಕ್ಷವಾಗಿ ಆಡುತ್ತಾರೆ. ಓಡುವವನಿಗಾದರೋ ಅವನ ಕಾಲುಗಳೇ ಆಸರೆ, ಅವನ ಉಸಿರೇ ಬಂಡವಾಳ. ಈ ಮಾತು ಮೇಲ್ನೋಟಕ್ಕೆ ನಿಜ. ಆದರೆ ಏರುದಾರಿಯ ದೂರದ ಓಟಕ್ಕೆ ಸಿದ್ಧನಾಗುವವನಿಗೆ ಒಡನಾಡಿಯೊಬ್ಬ ಬೇಕು. ಪಂದ್ಯದ ದಿನ ಆ ಒಡನಾಡಿಯೇ ಎದುರಾಳಿಯಾದರೂ ಗೆಳೆತನಕ್ಕೆ ಕುಂದಿಲ್ಲವೆಂಬುದು ನನ್ನ ಅಭಿಪ್ರಾಯ.

ದೂರದ ಓಟ ನಮ್ಮ ನಾಡಿಗೆ ಹೊಸದಲ್ಲ. 1920ರಲ್ಲಿ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದ ಮ್ಯಾರಥಾನ್ ಓಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಹತ್ತೊಂಬತ್ತನೆಯ ಸ್ಥಾನ ಪಡೆದರು. ಅಂದಿನ ದಾರಿ ಸುಮಾರು 42.75 ಕಿಲೋಮೀಟರು. ಇಂಥ ಸಾಧನೆಗೆ ಮೊದಲ ಹೆಜ್ಜೆಯನ್ನು ನಮ್ಮ ಊರಿನ ರಸ್ತೆಯಲ್ಲೇ ಇಡಬಹುದು.

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯನ್ನೇ ತೆಗೆದುಕೊಳ್ಳೋಣ. ಅದು ಕುಮುದ್ವತಿಯ ದಡದ ಊರು. ಕದಂಬೇಶ್ವರ ದೇವಾಲಯದಿಂದ ಹೆಸರಾದುದು. ಮಾಸೂರಿನ ಕಡೆಗೆ ಗುಡ್ಡಗಳು ಎದುರಾಗುತ್ತವೆ. ಹಿಂದಿನವರು ಆ ಗುಡ್ಡಗಳ ನಡುವೆ ನದಿಗೆ ಕಟ್ಟೆ ಹಾಕಿ ಮದಗದ ಕೆರೆಯನ್ನು ನಿರ್ಮಿಸಿದರು. ದೀಪಾವಳಿಯ ಕಾಲದಲ್ಲಿ ಈ ಸೀಮೆಯ ಜನ ಕೊಬ್ಬರಿ ಹೋರಿಗಳ ಓಟವನ್ನು ನೋಡಲು ಕಿಕ್ಕಿರಿದು ಸೇರುತ್ತಾರೆ. ಊರಿನ ಹುಡುಗ ಹುಡುಗಿಯರು ಏರಿಳಿತದ ದಾರಿಯಲ್ಲಿ ಓಡುವ ಪಂದ್ಯಕ್ಕೂ ಅಂಥದೇ ಆದರ ದೊರೆಯಬೇಕು.

ಏರಿನಲ್ಲಿ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ಮೇಲಕ್ಕೆತ್ತಬೇಕಾಗುತ್ತದೆ. ಆದುದರಿಂದ ಅಲ್ಲಿ ಹೆಜ್ಜೆಯನ್ನು ಕಿರಿದುಮಾಡಿ, ವೇಗವನ್ನು ತಗ್ಗಿಸಿ, ಉಸಿರನ್ನು ಕಾಪಾಡಿಕೊಳ್ಳುವುದು ಜಾಣತನ. ಇಳಿಜಾರು ಸುಲಭವೆಂದು ತೋರುತ್ತದೆ. ಆದರೆ ದೇಹವನ್ನು ತಡೆದು ನಿಲ್ಲಿಸುವ ಕೆಲಸ ತೊಡೆಯ ಮುಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಮರುದಿನದ ನೋವಿಗೆ ಇದೇ ಕಾರಣ. ಒಡನಾಡಿಯ ಪ್ರಯೋಜನ ಇಲ್ಲಿ ತಿಳಿಯುತ್ತದೆ. ಜೊತೆಯಲ್ಲಿ ಓಡುತ್ತ ನಾಲ್ಕು ಮಾತು ಆಡಲು ಸಾಧ್ಯವಾದರೆ ಅಭ್ಯಾಸದ ವೇಗ ಹದವಾಗಿದೆಯೆಂದು ತಿಳಿಯಬಹುದು; ಮಾತು ತುಂಡಾದರೆ ವೇಗ ಮಿತಿಮೀರಿದೆ. ಚಳಿಯ ಬೆಳಗಿನಲ್ಲಿ ಹಾಸಿಗೆ ಬಿಡಲು ಮನಸ್ಸಾಗದಿದ್ದಾಗ, ದಾರಿಯಲ್ಲಿ ಒಬ್ಬ ಕಾಯುತ್ತಿದ್ದಾನೆಂಬ ನೆನಪೇ ನಮ್ಮನ್ನು ಎಬ್ಬಿಸುತ್ತದೆ.

ಆದರೆ ಪಂದ್ಯದ ನಡುವೆ ಏರಿನಲ್ಲಿ ಗೆಳೆಯ ಹಿಂದೆ ಬಿದ್ದರೆ ಏನು ಮಾಡಬೇಕು? ಅವನಿಗಾಗಿ ನಿಲ್ಲುವುದೇ ಸ್ನೇಹಧರ್ಮವೆಂದು ಕೆಲವರು ವಾದಿಸಬಹುದು. ಅವನು ಬಿದ್ದು ಗಾಯಗೊಂಡರೆ, ಅಸ್ವಸ್ಥನಾದರೆ, ನಿಲ್ಲಲೇಬೇಕು. ಅಲ್ಲಿ ಎರಡನೆಯ ಮಾತಿಲ್ಲ. ಆದರೆ ಅವನು ಕೇವಲ ನಿಧಾನವಾಗಿದ್ದರೆ ನಿಲ್ಲುವುದು ಸರಿಯಲ್ಲ. ನಿಂತವನು ಗೆಳೆಯನಿಗೆ ಕರುಣೆಯನ್ನು ಕೊಟ್ಟನೇ ಹೊರತು ಗೌರವವನ್ನು ಕೊಡಲಿಲ್ಲ. ತಿಂಗಳುಗಟ್ಟಲೆ ತನ್ನನ್ನು ಹುರಿದುಂಬಿಸಿದವನ ಶ್ರಮಕ್ಕೆ ಸಲ್ಲಬೇಕಾದ ಕಾಣಿಕೆಯೆಂದರೆ ಪೂರ್ಣಶಕ್ತಿಯಿಂದ ಓಡುವುದು. ಕಾಯಬೇಕಾದ ಸ್ಥಳ ಬೇರೆಯಿದೆ. ಅದು ಓಟ ಮುಗಿಯುವ ಗೆರೆ.

ಇದಕ್ಕೆ ಒಲಿಂಪಿಕ್ ಇತಿಹಾಸದಲ್ಲಿ ಉಜ್ವಲವಾದ ನಿದರ್ಶನವಿದೆ. ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಮತ್ತು ಫ್ರಾನ್ಸಿನ ಅಲೇನ್ ಮಿಮೂನ್ ಪರಸ್ಪರ ಎದುರಾಳಿಗಳು, ಪರಸ್ಪರ ಸ್ನೇಹಿತರು. 1948ರ ಲಂಡನ್ ಕೂಟದ 10,000 ಮೀಟರ್ ಓಟದಲ್ಲಿಯೂ 1952ರ ಹೆಲ್ಸಿಂಕಿ ಕೂಟದ 5,000 ಮತ್ತು 10,000 ಮೀಟರ್ ಓಟಗಳಲ್ಲಿಯೂ ಝಾಟೊಪೆಕ್ ಮೊದಲಿಗ, ಮಿಮೂನ್ ಎರಡನೆಯವ. 1956ರಲ್ಲಿ ಮೆಲ್ಬೋರ್ನ್ ನಗರದ ಮ್ಯಾರಥಾನ್ ಓಟದಲ್ಲಿ ಮಿಮೂನ್ ಗೆದ್ದನು. ಆದರೆ ಅವನು ಗೆಲುವಿನ ಸಂಭ್ರಮದಲ್ಲಿ ಮೈಮರೆಯಲಿಲ್ಲ; ಗೆರೆಯ ಬಳಿ ಗೆಳೆಯನಿಗಾಗಿ ಕಾದು ನಿಂತನು. ನಾಲ್ಕೂವರೆ ನಿಮಿಷಗಳ ತರುವಾಯ ಝಾಟೊಪೆಕ್ ಆರನೆಯವನಾಗಿ ಬಳಲಿ ಬಂದನು. ಗೆದ್ದವನು ಯಾರೆಂದು ತಿಳಿದೊಡನೆ ಅವನಿಗೆ ವಂದಿಸಿ ತಬ್ಬಿಕೊಂಡನು. ದಾರಿಯಲ್ಲಿ ಒಬ್ಬನು ಇನ್ನೊಬ್ಬನಿಗಾಗಿ ತನ್ನ ವೇಗವನ್ನು ತಗ್ಗಿಸಿರಲಿಲ್ಲ; ಆದುದರಿಂದಲೇ ಆ ಆಲಿಂಗನಕ್ಕೆ ಅಷ್ಟು ಬೆಲೆ.

ಇಂದು ನಗರಗಳ ದೊಡ್ಡ ಓಟಗಳಲ್ಲಿ ಸಾವಿರಾರು ಜನ ಸೇರುತ್ತಾರೆ. ಅಕ್ಕಪಕ್ಕ ಓಡುವವರಿಗೆ ಒಬ್ಬರನ್ನೊಬ್ಬರು ಗುರುತಿಲ್ಲ. ಊರಿನ ಓಟದಲ್ಲಾದರೋ ಸೋತವನನ್ನೂ ಹೆಸರು ಹಿಡಿದು ಕರೆಯುವವರಿದ್ದಾರೆ. ಮರುದಿನ ಶಾಲೆಯಲ್ಲಿ ಗೆದ್ದವನೂ ಸೋತವನೂ ಒಂದೇ ಬೆಂಚಿನಲ್ಲಿ ಕೂಡಬೇಕು. ಹೀಗಾಗಿ ಅಲ್ಲಿ ಗೆಲುವು ಗರ್ವವಾಗಲು, ಸೋಲು ದ್ವೇಷವಾಗಲು ಆಸ್ಪದ ಕಡಿಮೆ. ಗ್ರಾಮಪಂಚಾಯತಿಗಳೂ ಶಾಲೆಗಳೂ ವರ್ಷಕ್ಕೊಮ್ಮೆಯಾದರೂ ಇಂಥ ಓಟವನ್ನು ಏರ್ಪಡಿಸುವುದು ಯೋಗ್ಯ. ಅದಕ್ಕೆ ಬೇಕಾದುದು ಒಂದು ರಸ್ತೆ, ಕುಡಿಯಲು ನೀರು, ವಾಹನಗಳನ್ನು ತಡೆಯುವ ನಾಲ್ಕು ಜನ ಹಿರಿಯರು, ಇಷ್ಟೇ.

ಪರೀಕ್ಷೆಯಲ್ಲಾಗಲಿ, ಉದ್ಯೋಗದಲ್ಲಾಗಲಿ ಜೊತೆಗಾರರೊಡನೆಯೇ ಸ್ಪರ್ಧಿಸಬೇಕಾದ ಸಂದರ್ಭಗಳು ನಮ್ಮೆಲ್ಲರಿಗೂ ಬರುತ್ತವೆ. ಆಗ ಸ್ನೇಹಕ್ಕಾಗಿ ಪ್ರಯತ್ನವನ್ನು ಬಿಡಬೇಕಾಗಿಲ್ಲ. ಗೆಲುವಿಗಾಗಿ ಸ್ನೇಹವನ್ನೂ ಬಿಡಬೇಕಾಗಿಲ್ಲ. ಶಕ್ತಿಯಿದ್ದಷ್ಟೂ ಓಡಬೇಕು, ಮೊದಲು ತಲುಪಿದವರು ಹಿಂದಿನವರಿಗಾಗಿ ಕಾಯಬೇಕು.